ಧೋಬಿ ತಲಾವಿನ ದಾರಿಯಲ್ಲಿ ಜಾಜ್

ಮುಂಬಯಿಯಲ್ಲಿ ಬಿಡಾರ ಹೂಡಿದ ಕನ್ನಡಿಗರ ಮನೆಗಳಲ್ಲಿ ಸಂಗೀತದ ಮಾತು ಬಂತೆಂದರೆ ಮೂರು ಪಕ್ಷಗಳಾಗುತ್ತವೆ. ಹಿರಿಯರದು ಶಾಸ್ತ್ರೀಯ ಪಕ್ಷ: ತೆಂಕಣದವರಾದರೆ ಕರ್ನಾಟಕ ಸಂಗೀತ, ಧಾರವಾಡದ ಕಡೆಯವರಾದರೆ ಹಿಂದುಸ್ತಾನಿ. ನಡುವಯಸ್ಸಿನವರದು ಸಿನೆಮಾ ಹಾಡು, ಭಾವಗೀತೆಗಳ ಪಕ್ಷ. ಮಕ್ಕಳದು ಯಾವ ಪಕ್ಷವೆಂದು ಹೇಳಲಾಗದು. ಕಿವಿಗೆ ಬಿರಡೆ ಸಿಕ್ಕಿಸಿಕೊಂಡು ತಮ್ಮಷ್ಟಕ್ಕೆ ತಾವೇ ತಲೆದೂಗುವ ಆ ಮಂದಿ ಮತದಾನವನ್ನು ಗುಪ್ತವಾಗಿಯೇ ನಡೆಸುತ್ತಾರೆ. ಈ ಮೂರು ಪಕ್ಷದವರೂ ಒಂದೇ ಚಾಪೆಯ ಮೇಲೆ ಕುಳಿತು ಕೇಳಬಹುದಾದ ಸಂಗೀತ ಒಂದುಂಟು. ಅದಕ್ಕೆ ಜಾಜ್ ಫ್ಯೂಶನ್ ಎಂದು ಹೆಸರು.

ಹೆಸರು ಕೇಳಿ ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ಫ್ಯೂಶನ್ ಎಂದರೆ ಬೆಸುಗೆ. ಜಾಜ್ ಎಂಬುದು ಅಮೆರಿಕದ ತೆಂಕು ದಿಕ್ಕಿನ ನ್ಯೂ ಓರ್ಲಿಯನ್ಸ್ ಎಂಬ ಬಂದರು ಪಟ್ಟಣದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಆಫ್ರಿಕಾ ಮೂಲದ ಜನರ ಮಕ್ಕಳು ಮೊಮ್ಮಕ್ಕಳು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿ ಬೆಳೆಸಿದ ಸಂಗೀತ. ಅದರ ನಡೆ ನಮಗೆ ತೀರ ಅಪರಿಚಿತವೇನಲ್ಲ. ಮೊದಲು ಎಲ್ಲರೂ ಸೇರಿ ಒಂದು ರಾಗಬಂಧವನ್ನು ನುಡಿಸುತ್ತಾರೆ. ಬಳಿಕ ಒಬ್ಬೊಬ್ಬರಾಗಿ ಅದನ್ನು ತಮ್ಮ ಮನೋಧರ್ಮದಂತೆ ಬೆಳೆಸುತ್ತಾರೆ. ಕೊನೆಗೆ ಎಲ್ಲರೂ ಮತ್ತೆ ಅದೇ ಬಂಧಕ್ಕೆ ಬಂದು ನಿಲ್ಲುತ್ತಾರೆ. ಪಲ್ಲವಿ, ನೆರವಲು, ಸ್ವರಪ್ರಸ್ತಾರ, ಮರಳಿ ಪಲ್ಲವಿ ಎಂಬ ಕ್ರಮವನ್ನು ಬಲ್ಲವರಿಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದುದು ಬಹಳವಿಲ್ಲ. ೧೯೬೦ರ ದಶಕದ ಕೊನೆಯಲ್ಲಿ ಈ ಜಾಜಿಗೆ ವಿದ್ಯುತ್ ಗಿಟಾರು, ರಾಕ್ ಸಂಗೀತದ ತಾಳದ ಹೊಡೆತ, ದೂರದೇಶಗಳ ರಾಗತಾಳಗಳು ಬಂದು ಸೇರಿದುವು. ಆ ಸೇರುವಿಕೆಯೇ ಫ್ಯೂಶನ್.

ಇದು ಅಮೆರಿಕದವರ ಸೊತ್ತಾಯಿತಲ್ಲ, ನಮಗೂ ಇದಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಇದೆ, ಅದೂ ನಮ್ಮ ಕಾಲ್ನಡಿಗೆಯ ಅಳತೆಯಲ್ಲಿಯೇ ಇದೆ. ಅಪೊಲೊ ಬಂದರದಿಂದ ಧೋಬಿ ತಲಾವಿನವರೆಗೆ ನಿಧಾನವಾಗಿ ನಡೆದರೆ ಒಂದು ಗಂಟೆಯ ದಾರಿ. ಆ ದಾರಿಯಲ್ಲಿ ಈ ಸಂಗೀತದ ಅರ್ಧ ಚರಿತ್ರೆ ಬಿದ್ದುಕೊಂಡಿದೆ. ಕಳೆದ ಚಳಿಗಾಲದ ಒಂದು ಭಾನುವಾರ ನಾವು ಆ ದಾರಿಯನ್ನು ನಡೆದೆವು. ನಾವೆಂದರೆ ಗಂಡಹೆಂಡಿರಿಬ್ಬರು, ಹನ್ನೆರಡು ವರುಷದ ಮಗಳು, ಮತ್ತು ಊರಿನಿಂದ ಬಂದಿದ್ದ ಸೋದರಮಾವನವರು.

ಮಾವನವರ ವಿಷಯ ಎರಡು ಮಾತು ಹೇಳಬೇಕು. ಅವರು ಬಂಟ್ವಾಳ ತಾಲೂಕಿನವರು. ಹರೆಯದಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಬಳಿಕ ಫೋರ್ಟಿನ ಒಂದು ಕಚೇರಿಯಲ್ಲಿ ಬೆರಳಚ್ಚುಗಾರರಾಗಿ ಹದಿನೈದು ವರುಷ ಕಳೆದವರು. ಅವರ ಗೆಳೆಯರಲ್ಲಿ ಗೋವೆಯವರು ಇಬ್ಬರು ಮೂವರಿದ್ದರು. ಜಾಜಿನ ಹುಚ್ಚು ಹಿಡಿದದ್ದು ಅವರಿಂದ. ಈಗ ಎಪ್ಪತ್ತು ದಾಟಿದೆ, ಊರಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಈ ಸಲ ಬಂದ ಮೊದಲ ದಿನವೇ ಅವರಿಗೆ ಒಂದು ಕಸಿವಿಸಿಯಾಯಿತು. ಕನ್ನಡದಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ನಮ್ಮ ಮಗಳು ಹಿಂದಿಯಲ್ಲಿ ಉತ್ತರ ಕೊಟ್ಟಳು. ಮಗುವಿಗೆ ಅರ್ಥವಾಗದೆ ಅಲ್ಲ, ನಾಲಿಗೆ ಹೊರಳುವುದಿಲ್ಲ. ಮಾವನವರು ಅವಳೆದುರು ನಕ್ಕು ಸುಮ್ಮನಾದರು. ರಾತ್ರಿ ನಮ್ಮೊಡನೆ ಮಾತ್ರ, “ಇನ್ನೊಂದು ಐದು ವರ್ಷ ಬಿಟ್ಟು ನಾನು ಬಂದರೆ ನಮ್ಮಿಬ್ಬರ ನಡುವೆ ಯಾರು ಮಾರಾಯ ಅನುವಾದ ಮಾಡುವುದು?” ಎಂದು ಕೇಳಿದರು. ಉತ್ತರ ನಮ್ಮಲ್ಲಿರಲಿಲ್ಲ. ಅಂಥ ಸಮಯದಲ್ಲಿ ಪಟ್ಟಣದವರು ಮಾಡುವ ಕೆಲಸವನ್ನೇ ನಾವೂ ಮಾಡಿದೆವು: ಭಾನುವಾರ ಎಲ್ಲಿಗಾದರೂ ಹೋಗಿಬರೋಣವೆಂದೆವು. ಮಾವನವರು ತಾವೇ ದಾರಿ ಹೇಳಿದರು.

ಚರ್ಚ್‌ಗೇಟಿನಲ್ಲಿ ಇಳಿದು ಅಪೊಲೊ ಬಂದರಕ್ಕೆ ನಡೆದು ಹೋದೆವು. ಎಲ್ಲರೂ ಗೇಟ್‌ವೇಯ ಕಮಾನಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದಾಗ ಮಾವನವರು ಅದಕ್ಕೆ ಬೆನ್ನು ಹಾಕಿ ತಾಜ್ ಹೋಟೆಲಿನ ಗುಮ್ಮಟವನ್ನು ನೋಡುತ್ತ ನಿಂತರು. ೧೯೦೩ರಲ್ಲಿ ತೆರೆದ ಈ ಹೋಟೆಲಿನ ನೃತ್ಯಶಾಲೆಗೆ ೧೯೩೫ರಲ್ಲಿ ಅಮೆರಿಕದ ಲಿಯೋನ್ ಆಬಿ ಎಂಬ ಪಿಟೀಲುಗಾರ ತನ್ನ ಜಾಜ್ ತಂಡವನ್ನು ಕರೆತಂದ. ಅವನ ಹಿಂದೆ ಕ್ರಿಕೆಟ್ ಸ್ಮಿತ್ ಎಂಬ ಟ್ರಂಪೆಟ್ ವಾದಕ, ಟೆಡ್ಡಿ ವೆದರ್‌ಫರ್ಡ್ ಎಂಬ ಪಿಯಾನೊ ವಾದಕ ಮುಂತಾದವರು ಬಂದರು. ತಮ್ಮ ದೇಶದಲ್ಲಿ ಬಣ್ಣದ ಕಾರಣದಿಂದ ಹಲವು ಬಾಗಿಲುಗಳು ಮುಚ್ಚಿದ್ದ ಈ ಕಲಾವಿದರನ್ನು ಮುಂಬಯಿಯ ಶ್ರೀಮಂತರು ಕಾಸು ಕೊಟ್ಟು ಕೇಳಿದರು. ಆದರೆ ಅವರಿಂದ ಕಲಿತವರು ಶ್ರೀಮಂತರಲ್ಲ, ಗೋವೆಯ ಬಡ ವಾದ್ಯಗಾರರು.

ಈ ಗೋವೆಯವರು ಬರಿಗೈಯಲ್ಲಿ ಬಂದವರಲ್ಲ. ಊರಿನ ಇಗರ್ಜಿಯ ಶಾಲೆಗಳಲ್ಲಿ ಬಾಲ್ಯದಲ್ಲಿಯೇ ಪಿಟೀಲನ್ನೂ ಸ್ವರಲಿಪಿಯನ್ನೂ ಅರೆದು ಕುಡಿದಿದ್ದರು. ಆದುದರಿಂದಲೇ ಅಮೆರಿಕದವರ ಜಾಜ್ ಅವರ ಕೈಗೆ ಬೇಗನೆ ಬಂತು. ಅವರಲ್ಲಿ ಆಂಟೊನಿಯೊ ಝೇವಿಯರ್ ವಾಝ್ ಎಂಬವರು ಚಿಕ್ ಚಾಕೊಲೇಟ್ ಎಂಬ ಹೆಸರಿನಲ್ಲಿ ಟ್ರಂಪೆಟ್ ನುಡಿಸಿ ಪ್ರಸಿದ್ಧರಾದರು. ಹಗಲು ಸಿನೆಮಾ ಸ್ಟುಡಿಯೊ, ರಾತ್ರಿ ಹೋಟೆಲು: ಹೀಗೆ ಎರಡು ಕಡೆ ದುಡಿದ ಈ ಜನರ ಕೈಯಿಂದಲೇ ಹಿಂದಿ ಚಿತ್ರಗೀತೆಗಳಿಗೆ ಜಾಜಿನ ಲಯ ಬಂತು. ನಮ್ಮ ನಡುವಯಸ್ಸಿನ ಪಕ್ಷದವರು ತಮಗರಿಯದೆಯೇ ಜಾಜನ್ನು ಕೇಳಿ ಬೆಳೆದವರು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅದಕ್ಕೆ ಸಾಕ್ಷಿ ಬೇಕೆಂದವರು ೧೯೬೮ರಲ್ಲಿ ಹೊರಬಂದ ‘ರಾಗ ಜಾಜ್ ಸ್ಟೈಲ್’ ಎಂಬ ರಿಕಾರ್ಡನ್ನು ಕೇಳಬೇಕು. ಸಿನೆಮಾಕ್ಕೆ ಸಂಗೀತ ಕೊಡುತ್ತಿದ್ದ ಶಂಕರ್ ಜೈಕಿಶನ್ ಜೋಡಿ ಮಾಡಿದ್ದು. ತೋಡಿಯಿಂದ ಹೊರಟು ಭೈರವಿಯವರೆಗೆ ಹನ್ನೊಂದು ರಾಗಗಳು. ರಯೀಸ್ ಖಾನರ ಸಿತಾರು ಮುಂದೆ ನಡೆದರೆ ಸ್ಯಾಕ್ಸೊಫೋನು, ಟ್ರಂಪೆಟ್, ಡ್ರಮ್ಮುಗಳು ಜೊತೆಯಲ್ಲಿ ನಡೆಯುತ್ತವೆ. ಒಂದೊಂದೂ ಸಿನೆಮಾ ಹಾಡಿನಷ್ಟೇ ಉದ್ದ. ಹೊಸಬರು ‘ಕಲಾವತಿ’ಯಿಂದ ಆರಂಭಿಸಬಹುದು, ಹಳಬರಿಗೆ ‘ಶಿವರಂಜನಿ’ ಸಾಕು, ಕಣ್ಣು ಮುಚ್ಚಿಬಿಡುತ್ತಾರೆ. ಇದಕ್ಕೂ ಎರಡು ವರುಷ ಮೊದಲು, ೧೯೬೬ರಲ್ಲಿ, ಲಂಡನ್ನಿನಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜಾನ್ ಮೇಯರ್ ಮತ್ತು ಜಮೈಕಾದಲ್ಲಿ ಹುಟ್ಟಿದ ಜೋ ಹ್ಯಾರಿಯಟ್ ಎಂಬಿಬ್ಬರು ‘ಇಂಡೊ-ಜಾಜ್ ಸ್ವೀಟ್’ ಎಂಬುದನ್ನು ಮಾಡಿದ್ದರು. ಇಬ್ಬರೂ ಊರು ಬಿಟ್ಟು ಬಂದವರು ಎಂಬುದನ್ನು ನಮ್ಮಂಥವರು ನೆನಪಿಡಬೇಕು.

ಅಪೊಲೊ ಬಂದರದಿಂದ ಕಾಲಾ ಘೋಡಾಕ್ಕೆ ಹತ್ತು ನಿಮಿಷ. ಅಲ್ಲಿಯ ಮೂಲೆಯಲ್ಲಿ ರಿದಮ್ ಹೌಸ್ ಎಂಬ ರಿಕಾರ್ಡು ಅಂಗಡಿಯಿತ್ತು. ೨೦೧೬ರಲ್ಲಿ ಬಾಗಿಲು ಹಾಕಿತು. ಕೊಳ್ಳುವ ಮೊದಲು ಕೇಳಿ ನೋಡಲು ಅಲ್ಲಿ ಚಿಕ್ಕ ಚಿಕ್ಕ ಗೂಡುಗಳಿದ್ದುವು. ಸಂಬಳದ ದಿನ ಆ ಗೂಡಿನೊಳಗೆ ಹೊಕ್ಕು ಗೆಳೆಯರೊಡನೆ ಅರ್ಧ ಗಂಟೆ ಕೇಳಿ, ಒಂದನ್ನೂ ಕೊಳ್ಳದೆ ಹೊರಬರುತ್ತಿದ್ದುದನ್ನು ಮಾವನವರು ಸ್ವಲ್ಪವೂ ಸಂಕೋಚವಿಲ್ಲದೆ ಹೇಳಿದರು. “ಅಂಗಡಿಯವರಿಗೆ ಗೊತ್ತಿತ್ತು ಮಾರಾಯ. ಆದರೂ ಓಡಿಸಲಿಲ್ಲ.” ಅಮೆರಿಕದ ದೊಡ್ಡ ದೊಡ್ಡ ಫ್ಯೂಶನ್ ರಿಕಾರ್ಡುಗಳನ್ನು ಅವರು ಕೇಳಿದ್ದು ಆ ಗೂಡುಗಳಲ್ಲಿ. ಮುಚ್ಚಿದ ಅಂಗಡಿಯ ಮುಂದೆ ನಿಂತು ಅವರು ಹೆಸರು ಹೇಳುತ್ತ ಹೋದರು. ಮಗಳು ತನ್ನ ಫೋನಿನಲ್ಲಿ ಒಂದೊಂದನ್ನೇ ಹುಡುಕಿ ತೆಗೆದಳು. ಕಿವಿಯ ಬಿರಡೆಗಳಲ್ಲಿ ಒಂದು ಅಜ್ಜನಿಗೆ, ಒಂದು ಮೊಮ್ಮಗಳಿಗೆ.

ಅವರು ಹೇಳಿದ ಕ್ರಮವನ್ನೇ ಇಲ್ಲಿ ಕೊಡುತ್ತೇವೆ. ಅದು ಒಳ್ಳೆಯ ಕ್ರಮ. ಮೊದಲನೆಯದು ಹರ್ಬಿ ಹ್ಯಾನ್‌ಕಾಕನ ‘ಕಮೀಲಿಯನ್’, ೧೯೭೩ರ ‘ಹೆಡ್ ಹಂಟರ್ಸ್’ ರಿಕಾರ್ಡಿನಲ್ಲಿದೆ. ಕೆಳಸ್ಥಾಯಿಯ ಒಂದು ಪುಟ್ಟ ಪಂಕ್ತಿ ಒಂಟಿಯಾಗಿ ಆರಂಭವಾಗುತ್ತದೆ. ಬಳಿಕ ಡ್ರಮ್ಮು ಬರುತ್ತದೆ, ಬಳಿಕ ಉಳಿದವರು. ಮದುವೆಮನೆಗೆ ನೆಂಟರು ಒಬ್ಬೊಬ್ಬರಾಗಿ ಬಂದು ಸೇರಿದ ಹಾಗೆ. ಹದಿನೈದು ನಿಮಿಷಕ್ಕೂ ಮಿಕ್ಕಿದೆ, ಆದರೆ ಮಕ್ಕಳಿಗೆ ಬೇಸರವಾಗುವುದಿಲ್ಲ. ಅದೇ ರಿಕಾರ್ಡಿನ ‘ವಾಟರ್‌ಮೆಲನ್ ಮ್ಯಾನ್’ ಆರಂಭವಾಗುವುದು ಖಾಲಿ ಸೀಸೆಯನ್ನು ಊದುವ ಸದ್ದಿನಿಂದ. ಮಧ್ಯ ಆಫ್ರಿಕದ ಕಾಡಿನ ಜನರ ಒಂಟಿಸ್ವರದ ಕೊಳಲನ್ನು ಅನುಕರಿಸಿದ್ದು. ಎರಡನೆಯದು ವೆದರ್ ರಿಪೋರ್ಟ್ ತಂಡದ ‘ಬರ್ಡ್‌ಲ್ಯಾಂಡ್’, ೧೯೭೭ರದು. ನ್ಯೂಯಾರ್ಕಿನ ಒಂದು ಜಾಜ್ ಮನೆಯ ಹೆಸರದು. ಆರು ನಿಮಿಷದ ಹಬ್ಬ. ಮನೆಗೆಲಸ ಮಾಡುವಾಗ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ. ಮೂರನೆಯದು ಚಿಕ್ ಕೊರಿಯಾನ ‘ಸ್ಪೇನ್’. ಸ್ಪೇನಿನ ರೊಡ್ರಿಗೊ ಎಂಬವರ ಗಿಟಾರು ರಚನೆಯೊಂದರ ಕರುಣಾರಸದ ಎಳೆಯಿಂದ ತೊಡಗಿ, ಇದ್ದಕ್ಕಿದ್ದಂತೆ ಕುಣಿತಕ್ಕೆ ಹೊರಳುತ್ತದೆ. ಆಲಾಪನೆಯ ಬಳಿಕ ಕೃತಿಯನ್ನು ಎತ್ತಿಕೊಂಡಾಗ ಆಗುವ ಸಂತೋಷ ಇಲ್ಲಿಯೂ ಆಗುತ್ತದೆ.

ಇವೆಲ್ಲಕ್ಕೂ ತಾಯಿಬೇರು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್. ೧೯೬೯ರಲ್ಲಿ ಅವನು ‘ಇನ್ ಎ ಸೈಲೆಂಟ್ ವೇ’, ‘ಬಿಚೆಸ್ ಬ್ರೂ’ ಎಂಬ ಎರಡು ರಿಕಾರ್ಡುಗಳನ್ನು ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದ. ಅವನ ಬಳಿ ನುಡಿಸಿದವರೇ ಮುಂದೆ ತಮ್ಮ ತಮ್ಮ ತಂಡ ಕಟ್ಟಿದರು. ಹ್ಯಾನ್‌ಕಾಕ್, ಕೊರಿಯಾ, ವೆದರ್ ರಿಪೋರ್ಟಿನವರು ಎಲ್ಲರೂ ಆ ಗುರುಕುಲದವರೇ. ಮೊದಲನೆಯದು ರಾತ್ರಿ ದೀಪ ಆರಿಸಿದ ಮೇಲೆ ಕೇಳತಕ್ಕದ್ದು. ಎರಡನೆಯದನ್ನು ಹೊಸಬರು ಸದ್ಯಕ್ಕೆ ಬದಿಗಿಡುವುದು ಮೇಲು. ಅದು ಹಾಗಲಕಾಯಿಯ ಹಾಗೆ, ರುಚಿ ಹತ್ತಲು ವಯಸ್ಸಾಗಬೇಕು ಎಂದು ಮಾವನವರ ಅಭಿಪ್ರಾಯ.

ಆ ಗುರುಕುಲದಲ್ಲಿ ಒಬ್ಬ ಇಂಗ್ಲೆಂಡಿನವನಿದ್ದ, ಜಾನ್ ಮೆಕ್‌ಲಾಫ್ಲಿನ್ ಎಂಬ ಗಿಟಾರು ವಾದಕ. ಅವನು ೧೯೭೧ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ತಂಡ ಕಟ್ಟಿದ. ಹೆಸರು ಕೇಳಿ ವಿಷ್ಣುಸಹಸ್ರನಾಮವನ್ನು ನಿರೀಕ್ಷಿಸಿದವರು ಬೆಚ್ಚಿಬೀಳುತ್ತಾರೆ. ಅದು ಸಿಡಿಲಿನ ಸದ್ದು. ಆದರೆ ಸದ್ದಿನ ಒಳಗೆ ಲೆಕ್ಕವಿದೆ. ೧೯೭೩ರ ‘ಬರ್ಡ್ಸ್ ಆಫ್ ಫೈರ್’ ಎಂಬ ರಚನೆಯ ಒಂದು ಆವರ್ತಕ್ಕೆ ಹದಿನೆಂಟು ಎಣಿಕೆ. ಪಾಶ್ಚಾತ್ಯರ ರೂಢಿಯ ನಾಲ್ಕರ ಎಣಿಕೆಯಿಂದ ಹೊರಬಂದು ಅವನು ಇಷ್ಟು ದೂರ ನಡೆದದ್ದು ನಮ್ಮ ತಾಳಗಳ ವ್ಯಾಮೋಹದಿಂದ. ಅವನನ್ನು ಈ ಲೇಖನದಲ್ಲಿ ಮತ್ತೊಮ್ಮೆ ಕಾಣಲಿದ್ದೇವೆ.

ಕಾಲಾ ಘೋಡಾದಿಂದ ಹುತಾತ್ಮ ಚೌಕ, ಅಲ್ಲಿಂದ ಆಜಾದ್ ಮೈದಾನದ ಬದಿ ಹಿಡಿದು ಮೆಟ್ರೊ ಸಿನೆಮಾದ ಬಳಿಗೆ ಬಂದರೆ ಧೋಬಿ ತಲಾವು. ಇದು ಹಳೆಯ ಗೋವೆಯವರ ಕೇರಿ. ನಮ್ಮವರು ಖೋಲಿ ಹಿಡಿದು ಹತ್ತು ಜನ ಒಟ್ಟಿಗೆ ಇರುತ್ತಿದ್ದ ಹಾಗೆ, ಗೋವೆಯ ಒಂದೊಂದು ಹಳ್ಳಿಯವರು ಇಲ್ಲಿ ತಮ್ಮ ಹಳ್ಳಿಯ ಹೆಸರಿನ ಕ್ಲಬ್ಬುಗಳನ್ನು ನಡೆಸಿದರು. ಹಡಗಿನ ಕೆಲಸಕ್ಕೆ ಹೊರಟವನಿಗೂ ಬ್ಯಾಂಡಿನಲ್ಲಿ ಕೆಲಸ ಹುಡುಕುವವನಿಗೂ ಅಲ್ಲಿ ಮಲಗಲು ಜಾಗ ಸಿಗುತ್ತಿತ್ತು. ವಾದ್ಯಗಳ ಹಳೆಯ ಅಂಗಡಿ ಫುರ್ಟಾಡೊ ಈ ಕೇರಿಯದೇ. ಮುಂದೆ ಸೇಂಟ್ ಝೇವಿಯರ್ ಕಾಲೇಜು. ಅದರ ಅಂಗಳದಲ್ಲಿ ೧೯೫೮ರಲ್ಲಿ ಆಂಟನಿ ಗೊನ್ಸಾಲ್ವಿಸ್ ಎಂಬ ಗೋವೆಯ ಪಿಟೀಲು ಗುರುಗಳು ದೊಡ್ಡ ವಾದ್ಯವೃಂದವೊಂದನ್ನು ಕೂಡಿಸಿ, ರಾಗಗಳನ್ನು ಆಧರಿಸಿದ ತಮ್ಮ ರಚನೆಗಳನ್ನು ನುಡಿಸಿದರು. ಲತಾ ಮಂಗೇಶಕರ್, ಮನ್ನಾ ಡೇ ಅದರಲ್ಲಿ ಹಾಡಿದರು. ‘ಅಮರ್ ಅಕ್ಬರ್ ಆಂಟನಿ’ ಚಿತ್ರದ ಹಾಡಿನಲ್ಲಿ ಬರುವ ಹೆಸರು ಇವರದೇ. ಸಂಗೀತ ನಿರ್ದೇಶಕ ಪ್ಯಾರೇಲಾಲರು ಗುರುವಿಗೆ ಸಲ್ಲಿಸಿದ ಕಾಣಿಕೆ. ಇಷ್ಟು ಹೇಳಿದಾಗ ಮಾತ್ರ ನಮ್ಮ ಮಗಳು ಆ ಕಾಲೇಜಿನ ಕಡೆ ಗೌರವದಿಂದ ನೋಡಿದಳು.

ಕಾಲೇಜಿನ ಬಳಿಯಲ್ಲಿಯೇ ರಂಗಭವನವೆಂಬ ಬಯಲು ರಂಗಮಂದಿರ. ೧೯೭೮ರ ಫೆಬ್ರುವರಿಯಲ್ಲಿ ನಿರಂಜನ್ ಝವೇರಿಯವರೂ ಅವರ ಜಾಜ್ ಇಂಡಿಯಾ ಸಂಸ್ಥೆಯವರೂ ಸೇರಿ ಇಲ್ಲಿ ಜಾಜ್ ಯಾತ್ರಾ ಎಂಬ ಉತ್ಸವವನ್ನು ಆರಂಭಿಸಿದರು. ಮೊದಲ ವರುಷವೇ ಸಾನಿ ರಾಲಿನ್ಸ್, ಕ್ಲಾರ್ಕ್ ಟೆರಿಯಂಥ ಮಹನೀಯರು ಬಂದರು. ಮಾವನವರು ಗೆಳೆಯನೊಬ್ಬನ ಚೀಟಿಯಲ್ಲಿ ಒಳಗೆ ಹೋಗಿ ರಾಲಿನ್ಸನ ಸ್ಯಾಕ್ಸೊಫೋನನ್ನು ಕೇಳಿದರಂತೆ. ಈಗ ಅಲ್ಲಿ ಆ ಸದ್ದಿಲ್ಲ. ಸುತ್ತಲೂ ಆಸ್ಪತ್ರೆ, ವಿದ್ಯಾಲಯಗಳು. ಇಂಥವುಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯವೆಂಬ ನಿಯಮ ೨೦೦೦ದಲ್ಲಿ ಬಂದ ಮೇಲೆ ಬಯಲಿನ ಕಛೇರಿಗಳಿಗೆ ಎಡೆ ಉಳಿಯಲಿಲ್ಲ. ನಾವು ಹೋದ ದಿನ ಗೇಟು ಮುಚ್ಚಿತ್ತು. ಮಾವನವರು ಸರಳುಗಳನ್ನು ಹಿಡಿದು ಒಳಗೆ ನೋಡಿದರು.

“ಇಲ್ಲಿ ಕೇಳಿದ್ದಕ್ಕಿಂತ ಕೇಳದ್ದೇ ನನಗೆ ಹೆಚ್ಚು ನೆನಪು” ಎಂದರು. ಕಾರಣ ಇದು. ೧೯೮೦ರ ಮುಂಬಯಿ ಜಾಜ್ ಉತ್ಸವಕ್ಕೆ ಕದ್ರಿ ಗೋಪಾಲನಾಥರು ಬಂದು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಕೇಳುತ್ತಿದ್ದ ಅಮೆರಿಕದ ಸ್ಯಾಕ್ಸೊಫೋನು ವಾದಕ ಜಾನ್ ಹ್ಯಾಂಡಿ ತಾನೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹತ್ತಿದ. ಗೋಪಾಲನಾಥರ ಹೆಸರು ಲೋಕಕ್ಕೆ ತಿಳಿದದ್ದು ಆ ಜೊತೆವಾದನದಿಂದ. “ನಮ್ಮ ಬಂಟ್ವಾಳದ ಸಜಿಪದವರು ಮುಂಬಯಿಗೆ ಬಂದು ಗೆಲ್ಲುವಾಗ ಮುಂಬಯಿಯ ನಾನು ಬಂಟ್ವಾಳದಲ್ಲಿ ನಿನ್ನಮ್ಮನ ಮದುವೆಗೆ ಬಾಳೆಕಂಬ ಕಟ್ಟುತ್ತಿದ್ದೆ. ಅಲ್ಲಿಯೂ ವಾಲಗ ಇತ್ತು, ಇಲ್ಲ ಅಂತಲ್ಲ, ಗೋಪಾಲನಾಥರದ್ದಲ್ಲ ಅಷ್ಟೆ.” ಆ ಮದುವೆಯ ಫಲವಾದ ನಾವು ಇದಕ್ಕೆ ಏನು ಹೇಳುವುದು? ಮಗಳು ಗಟ್ಟಿಯಾಗಿ ನಕ್ಕಳು. ಕಥೆ ಪೂರ್ತಿ ಕನ್ನಡದಲ್ಲಿಯೇ ಇತ್ತು, ಒಂದಕ್ಷರವೂ ತಪ್ಪಿಹೋಗಿರಲಿಲ್ಲ.

ಎದುರಿನ ಕಯಾನಿ ಇರಾನಿ ಹೋಟೆಲಿನಲ್ಲಿ ಬನ್ ಮಸ್ಕಾ, ಚಹ ಹೇಳಿ ಕುಳಿತೆವು. ಮಾವನವರು ಗೋಪಾಲನಾಥರ ಕಥೆಯನ್ನು ಮುಂದುವರಿಸಿದರು. ೧೯೪೯ರಲ್ಲಿ ಸಜಿಪ ಮೂಡದಲ್ಲಿ ಜನನ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮರುಳಾದ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ೧೮೪೬ರಲ್ಲಿ ಹಕ್ಕು ಪಡೆದ ಈ ಹಿತ್ತಾಳೆಯ ವಾದ್ಯಕ್ಕೆ ಕೀಲಿಗಳಿವೆ. ಒಂದೊಂದು ಕೀಲಿಗೆ ಒಂದೊಂದು ಸ್ವರ. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅದಕ್ಕೆ ಹುಟ್ಟುಗುಣವಲ್ಲ. ತುಟಿ ಮತ್ತು ಉಸಿರಿನ ಬಲದಿಂದ ಅದನ್ನು ಜಾರಿಸಲು ಅವರು ವರುಷಗಟ್ಟಲೆ ಸಾಧನೆ ಮಾಡಿದರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಬಳಿಕ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಗುರುಗಳು. ೧೯೯೪ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ೨೦೧೯ರಲ್ಲಿ ತೀರಿಕೊಂಡರು. ಇಂದು ಕರಾವಳಿಯ ದೇವಸ್ಥಾನಗಳಲ್ಲಿ, ಮದುವೆಗಳಲ್ಲಿ ಸ್ಯಾಕ್ಸೊಫೋನು ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಅದು ಅಲ್ಲಿಯದೇ ಆಗಿಹೋಗಿದೆ.

“ಇದು ಕಲಸುಮೇಲೋಗರ ಅಂತ ಹೇಳುವವರು ಉಂಟು” ಎಂದರು ಮಾವನವರು. “ಬೆಸುಗೆ ಹಾಕಲಿಕ್ಕೆ ಎರಡು ತುಂಡು ಬೇಕು ಮಾರಾಯ. ಗೋಪಾಲನಾಥರ ಕೈಯಲ್ಲಿ ಒಂದು ಗಟ್ಟಿ ತುಂಡು ಇತ್ತು, ಆ ಹ್ಯಾಂಡಿಯ ಕೈಯಲ್ಲಿ ಇನ್ನೊಂದು. ತನ್ನದೇ ತುಂಡು ಇಲ್ಲದವ ಎಂತದನ್ನು ಎಂತದಕ್ಕೆ ಬೆಸೆಯುವುದು?” ಸಂಗೀತವನ್ನು ಕುರಿತೇ ಆಡಿದ ಮಾತು. ಆದರೂ ನಾವಿಬ್ಬರು ಗಂಡಹೆಂಡಿರು ಚಹದ ಬಟ್ಟಲನ್ನು ನೋಡುತ್ತ ಕುಳಿತೆವು.

ಆ ಮಾತಿಗೆ ಇನ್ನೊಂದು ಸಾಕ್ಷಿ ನಾವು ಆಗಲೇ ಕಂಡ ಮೆಕ್‌ಲಾಫ್ಲಿನ್. ಸಿಡಿಲಿನ ತಂಡವನ್ನು ಬಿಟ್ಟು ಅವನು ಶಕ್ತಿ ಎಂಬ ತಂಡ ಕಟ್ಟುವ 전ಕ್ಕೆ